ಬೈಗೆ, ಬಂಗುಡೆಗಳ ವಯಸ್ಸು: ಕುಂದಾಪುರ ಕರಾವಳಿಯಲ್ಲಿ ಮೀನಿನ ಬೆಳವಣಿಗೆ ಅಳೆದ ಇತಿಹಾಸ

ಬಲೆಗೆ ಬಿದ್ದ ಮೀನು ಹುಟ್ಟಿ ಎಷ್ಟು ಕಾಲವಾಯಿತು, ಆ ಅವಧಿಯಲ್ಲಿ ಅದು ಯಾವ ವೇಗದಲ್ಲಿ ಬೆಳೆಯಿತು ಎಂಬುದನ್ನು ಅದರ ಹುರುಪೆ, ಕಿವಿಯೊಳಗಿನ ಕಲ್ಲು, ಬೆನ್ನುಮೂಳೆ ಅಥವಾ ಮೈಯುದ್ದದಿಂದ ಅಂದಾಜಿಸುವ ವಿದ್ಯೆಗೆ ಮೀನಿನ ವಯೋನಿರ್ಣಯ ಎಂದು ಹೆಸರು. ಮೀನುಗಾರಿಕೆ ವಿಜ್ಞಾನದ ಮುಖ್ಯ ಲೆಕ್ಕಗಳೆಲ್ಲ ಇದರ ಮೇಲೆ ನಿಂತಿವೆ. ಒಂದು ಜಾತಿಯ ಮೀನು ಎಷ್ಟು ವರ್ಷ ಬದುಕುತ್ತದೆ, ಎಷ್ಟನೇ ತಿಂಗಳಿಗೆ ಮೊಟ್ಟೆಗೆ ಬರುತ್ತದೆ, ವರ್ಷಕ್ಕೆ ಎಷ್ಟು ಹಿಡಿದರೆ ಸಂತತಿ ಉಳಿದೀತು ಎಂಬ ಪ್ರಶ್ನೆಗಳಿಗೆ ವಯಸ್ಸು ತಿಳಿಯದೆ ಉತ್ತರವಿಲ್ಲ. ಕರ್ನಾಟಕದ ಕಡಲಲ್ಲಿ ಈ ಶೋಧ ಬಹುಮಟ್ಟಿಗೆ ಎರಡು ಮೀನುಗಳ ಸುತ್ತ ನಡೆಯಿತು. ಒಂದು, ತುಳುವಿನಲ್ಲಿ ಬೂತಾಯಿ, ಕಾರವಾರದಲ್ಲಿ ತಾರ್ಲೆ ಎನ್ನುವ ಬೈಗೆ. ಇನ್ನೊಂದು ಬಂಗುಡೆ.

ಕುಂದಾಪುರ ತಾಲೂಕು, ಅದರಿಂದ ಒಡೆದು ಬಂದ ಬೈಂದೂರು, ಉಡುಪಿಯಿಂದ ಬೇರ್ಪಟ್ಟ ಬ್ರಹ್ಮಾವರ ಮೂರೂ ಕಡಲಿಗೆ ಅಂಟಿಕೊಂಡೇ ಇವೆ. ಐದು ಹೊಳೆಗಳು ಕೂಡುವ ಪಂಚಗಂಗಾವಳಿಯ ಬಾಯಲ್ಲಿ ಗಂಗೊಳ್ಳಿ ಬಂದರು, ಸೀತಾ–ಸುವರ್ಣಾ ನದಿಗಳ ಅಳಿವೆಯಲ್ಲಿ ಹಂಗಾರಕಟ್ಟೆ ಮತ್ತು ಕೋಡಿಬೆಂಗ್ರೆ, ಉತ್ತರಕ್ಕೆ ಮರವಂತೆ, ಕೊಡೇರಿ, ಉಪ್ಪುಂದ, ಶಿರೂರು. ಮೊಗವೀರರು, ಖಾರ್ವಿಗಳು ತಲೆಮಾರುಗಳಿಂದ ಈ ನೀರಿನಲ್ಲಿ ಬಲೆ ಬೀಸಿದ್ದಾರೆ. ಹಳೆಯ ಮದರಾಸು ಪ್ರಾಂತ್ಯದ ಕಾಲದಲ್ಲಿ ಇದೆಲ್ಲ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. ಆದ್ದರಿಂದ ಆ ಕಾಲದ ಸಂಶೋಧನಾ ವರದಿಗಳಲ್ಲಿ ಕುಂದಾಪುರದ ಕಡಲು ಹೆಚ್ಚಾಗಿ ‘ಸೌತ್ ಕೆನರಾ’ ಎಂಬ ದೊಡ್ಡ ಹೆಸರಿನಡಿ ಸೇರಿಹೋಗಿದೆ. ಈ ಊರುಗಳ ಮೀನಿನ ಕಥೆಯನ್ನು ಕಾರವಾರ, ಮಂಗಳೂರು, ಮಲ್ಪೆಯ ದಾಖಲೆಗಳೊಳಗೇ ಹುಡುಕಬೇಕಾಗುತ್ತದೆ. ಮೀನಿನ ಹಿಂಡಿಗೂ ತಾಲೂಕಿನ ಗಡಿ ಇಲ್ಲವಾದ್ದರಿಂದ ಅದರಲ್ಲಿ ತಪ್ಪೇನೂ ಇಲ್ಲ.

ವಿದ್ಯೆ ಹುಟ್ಟಿದ್ದು ಚಳಿ ದೇಶಗಳಲ್ಲಿ. ಸ್ವೀಡನ್ನಿನ ಪಾದ್ರಿ ಹಾನ್ಸ್ ಹೆಡೆರ್‌ಸ್ಟ್ರಾಮ್ 1759ರಲ್ಲಿ ಪೈಕ್ ಎಂಬ ಸಿಹಿನೀರಿನ ಮೀನಿನ ಬೆನ್ನುಮೂಳೆಯ ಉಂಗುರಗಳನ್ನು ಎಣಿಸಿ ವಯಸ್ಸು ಹೇಳಿದ. ಅದಾದ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಯಾರೂ ಆ ಕಡೆ ಗಂಭೀರವಾಗಿ ನೋಡಲಿಲ್ಲ. 1890ರ ದಶಕದಲ್ಲಿ ಮಾತ್ರ ಮೂರು ದಾರಿಗಳು ಒಟ್ಟೊಟ್ಟಿಗೆ ತೆರೆದುಕೊಂಡವು. ಡೆನ್ಮಾರ್ಕಿನ ಪೀಟರ್‌ಸನ್ ಮೀನುಗಳ ಉದ್ದ ಅಳೆದು ಗುಂಪು ಮಾಡಿ ವಯಸ್ಸು ಊಹಿಸಿದರು. ಜರ್ಮನಿಯ ಹಾಫ್‌ಬಾವರ್ 1898ರಲ್ಲಿ ಕಾರ್ಪ್ ಮೀನಿನ ಹುರುಪೆಯಲ್ಲಿ ವರ್ಷದ ಗೆರೆಗಳನ್ನು ತೋರಿಸಿದರು. ಮರುವರ್ಷ ರೈಬಿಶ್ ಚಪ್ಪಟೆ ಮೀನೊಂದರ ಕಿವಿಕಲ್ಲಿನಲ್ಲಿ ಅಂಥದೇ ಗೆರೆಗಳನ್ನು ಕಂಡರು. ನಾರ್ವೆಯ ಯೋಹಾನ್ ಯೋರ್ಟ್ ಇದನ್ನು ಉದ್ಯಮದ ಪ್ರಶ್ನೆಗೆ ಜೋಡಿಸಿದರು. ಸಾವಿರಾರು ಹೆರಿಂಗ್ ಮೀನುಗಳ ಹುರುಪೆ ಓದಿಸಿ, 1904ರಲ್ಲಿ ಹುಟ್ಟಿದ ಒಂದೇ ಪೀಳಿಗೆ ವರ್ಷಗಟ್ಟಲೆ ಇಡೀ ನಾರ್ವೆಯ ಬಲೆಗಳನ್ನು ತುಂಬಿಸುತ್ತಿದೆ ಎಂದು ಅವರು 1914ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ತೋರಿಸಿಕೊಟ್ಟರು. ಮೀನು ಒಂದು ವರ್ಷ ಸುರಿದು ಇನ್ನೊಂದು ವರ್ಷ ಕೈಕೊಡುವುದಕ್ಕೆ ಅಲ್ಲಿಯವರೆಗೆ ಹಿಂಡು ಬೇರೆಡೆ ಹೋಯಿತು ಎಂಬ ಕಾರಣ ಹೇಳುತ್ತಿದ್ದರು. ಯೋರ್ಟ್ ನಂತರ, ಯಾವ ವರ್ಷ ಎಷ್ಟು ಮರಿಗಳು ಬದುಕಿದವು ಎಂದು ಕೇಳುವುದು ರೂಢಿಯಾಯಿತು. ಹುರುಪೆಯ ಗೆರೆಯನ್ನು ಎಲ್ಲರೂ ಕಣ್ಣುಮುಚ್ಚಿ ಒಪ್ಪಿದರೆಂದಲ್ಲ. ಸ್ಕಾಟ್ಲೆಂಡಿನ ದೊಡ್ಡ ಜೀವವಿಜ್ಞಾನಿ ಡಾರ್ಸಿ ಥಾಂಪ್ಸನ್ ಕೂಡ ಅನುಮಾನಪಟ್ಟವರಲ್ಲಿ ಒಬ್ಬರು.

ಈ ಗೆರೆ ಬೀಳುವುದು ಏಕೆ? ಚಳಿಗಾಲದಲ್ಲಿ ನೀರು ತಣ್ಣಗಾಗಿ, ಮೇವು ಕಡಿಮೆಯಾಗಿ ಮೀನಿನ ಬೆಳವಣಿಗೆ ಕುಂಟುತ್ತದೆ. ಆಗ ಹುರುಪೆ ಮತ್ತು ಕಿವಿಕಲ್ಲಿನ ಪದರಗಳು ಒತ್ತೊತ್ತಾಗುತ್ತವೆ. ಬೇಸಗೆಯಲ್ಲಿ ಮತ್ತೆ ಅಗಲವಾಗುತ್ತವೆ. ಹಾಗಾಗಿ ವರ್ಷಕ್ಕೊಂದು ಗೆರೆ. ಗಂಗೊಳ್ಳಿಯ ಕಡಲಿಗೆ ಚಳಿಗಾಲವೇ ಇಲ್ಲ. ಇಲ್ಲಿಯ ಮೀನಿನ ಮೈಮೇಲೆ ವರ್ಷದ ಗುರುತು ಬೀಳುವುದಾದರೆ ಅದಕ್ಕೆ ಕಾರಣ ಬೇರೆ ಏನಾದರೂ ಇರಬೇಕು. ಉಷ್ಣವಲಯದ ಮೀನಿನಲ್ಲಿ ಗೆರೆ ಹುಡುಕುವುದೇ ವ್ಯರ್ಥ ಎಂಬ ಅಭಿಪ್ರಾಯ ಬಹುಕಾಲ ಗಟ್ಟಿಯಾಗಿತ್ತು. ಪಶ್ಚಿಮ ಕರಾವಳಿಯ ವಯೋನಿರ್ಣಯದ ಇತಿಹಾಸವೆಂದರೆ ಈ ಅಭಿಪ್ರಾಯದೊಂದಿಗೆ ನಡೆದ ದೀರ್ಘ ಜಗ್ಗಾಟ.

ಮೊದಲು ಗಮನ ಹೋದದ್ದು ಬೈಗೆಯ ಕಡೆಗೆ. 1907ರಲ್ಲಿ ಮದರಾಸಿನಲ್ಲಿ ಸರ್ ಫ್ರೆಡರಿಕ್ ನಿಕೋಲ್ಸನ್ ಮೀನುಗಾರಿಕೆ ಇಲಾಖೆಗೆ ಅಡಿಪಾಯ ಹಾಕಿದಾಗ ಬೈಗೆ ಬಡವರ ಊಟ, ತೆಂಗಿನ ಬುಡದ ಗೊಬ್ಬರ, ದೋಣಿಯ ಮರಕ್ಕೆ ಬಳಿಯುವ ಎಣ್ಣೆ ಎಲ್ಲವೂ ಆಗಿತ್ತು. ಮಲಬಾರ್ ಮತ್ತು ದಕ್ಷಿಣ ಕನ್ನಡದ ತೀರದಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆಗಳು ಎದ್ದವು. ಕಾರ್ಖಾನೆಗೆ ವರ್ಷವೂ ಮೀನು ಬೇಕು, ಬೈಗೆಯೋ ಮನಸ್ಸು ಬಂದಾಗ ಬರುವ ಮೀನು. ಅದರ ಏರಿಳಿತದ ಗುಟ್ಟು ಹುಡುಕಲು ಹೊರಟ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯ್ಡು 1920ರ ದಶಕದ ಆರಂಭದಲ್ಲಿ ಅದರ ಜೀವನಚರಿತ್ರೆ ಬರೆದರು. ಇದು ಅಲ್ಪಾಯುಷಿ, ಬೇಗ ಬೆಳೆಯುವ ಮೀನು ಎಂಬ ತಿಳಿವಳಿಕೆ ಆಗಲೇ ಬೇರೂರಿತು.

1940ರ ದಶಕದಲ್ಲಿ ಬೈಗೆ ಕೈಕೊಟ್ಟಿತು. ಡಿ.ಡಬ್ಲ್ಯೂ. ದೇವನೇಶನ್ 1943ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ಕುಸಿತದ ಕಾರಣ, ಮೀನಿನ ವಯಸ್ಸು, ಅದರ ಮೊಟ್ಟೆ ಮೂರೂ ಒಟ್ಟಿಗೆ ಚರ್ಚೆಗೆ ಬಂದವು. ಮರಿ ಬೈಗೆ ಹಿಡಿಯುವುದರ ಮೇಲೆ ಮದರಾಸು ಸರ್ಕಾರ ಅದೇ ದಶಕದಲ್ಲಿ ನಿರ್ಬಂಧ ಹೇರಿತು, ಕೆಲವೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತು. ಮರಿ ಯಾವುದು, ಬಲಿತದ್ದು ಯಾವುದು ಎಂಬ ಪ್ರಶ್ನೆ ಮೊದಲ ಬಾರಿಗೆ ಕಾನೂನಿನ ಪ್ರಶ್ನೆಯಾದದ್ದು ಆಗ.

1947ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸ್ಥಾಪನೆಯಾದ ಮೇಲೆ ಕೆಲಸಕ್ಕೆ ವೇಗ ಬಂತು. ಆರ್.ವಿ. ನಾಯರ್ 1949ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬೈಗೆಯ ಕಿವಿಕಲ್ಲಿನ ಬೆಳವಣಿಗೆ ಉಂಗುರಗಳ ಬಗ್ಗೆ ಬರೆದರು. 1960ರ ದಶಕದಲ್ಲಿ ವಿ. ಬಾಲನ್ ಅದೇ ಮೀನಿನ ಹುರುಪೆಗಳನ್ನು ಓದಿದರು. ಮಂಗಳೂರು ವಲಯದ ಬೈಗೆಯನ್ನು ಎಂ.ಎಸ್. ಪ್ರಭು ಮತ್ತು ಎಂ.ಎಚ್. ಧುಲಖೇಡ್, ಕಾರವಾರದ್ದನ್ನು ಜಿ.ಜಿ. ಅಣ್ಣಿಗೇರಿ ಗಮನಿಸಿದರು. ಕೊಂಚ ಕಷ್ಟದ ಕೆಲಸವೇ ಅದು. ಬೈಗೆಯ ಹುರುಪೆ ಬಲೆಯಲ್ಲಿ ಒದ್ದಾಡುವಾಗಲೇ ಉದುರಿಹೋಗುತ್ತದೆ. ಕಿವಿಕಲ್ಲು ಅಕ್ಕಿಕಾಳಿಗಿಂತ ಚಿಕ್ಕದು. ಸಿಕ್ಕ ಉತ್ತರಗಳೂ ಒಂದಕ್ಕೊಂದು ಹೊಂದಲಿಲ್ಲ. ಹುಟ್ಟಿ ಒಂದು ವರ್ಷ ತುಂಬುವಾಗ ಬೈಗೆ 10 ಸೆಂ.ಮೀ. ಇರುತ್ತದೆ ಎಂದವರಿದ್ದರು, 15 ಸೆಂ.ಮೀ. ಎಂದವರೂ ಇದ್ದರು. ಬೈಗೆ ಮೊಟ್ಟೆಗೆ ಬರುವುದು ಸುಮಾರು 15 ಸೆಂ.ಮೀ. ಆದಾಗ. ಆದ್ದರಿಂದ ಈ 5 ಸೆಂ.ಮೀ. ವ್ಯತ್ಯಾಸ ಸಣ್ಣದಲ್ಲ. ಒಂದು ಲೆಕ್ಕದಲ್ಲಿ ಮೀನು ಮೊದಲ ವರ್ಷವೇ ಸಂತಾನಕ್ಕೆ ಸಿದ್ಧ, ಇನ್ನೊಂದರಲ್ಲಿ ಎರಡನೇ ವರ್ಷಕ್ಕೆ. ಎಷ್ಟು ಹಿಡಿಯಬಹುದು ಎಂಬ ತೀರ್ಮಾನವೇ ಅಲ್ಲಿಗೆ ತಲೆಕೆಳಗಾಗುತ್ತದೆ.

ಚಳಿಗಾಲವಿಲ್ಲದ ಕಡಲಿನಲ್ಲಿ ಗೆರೆ ಏಕೆ ಎಂಬುದಕ್ಕೆ ಮೊದಲ ಸಮರ್ಥ ಉತ್ತರ ಬಂದದ್ದು ಬೈಗೆಯಿಂದಲೂ ಅಲ್ಲ, ಬಂಗುಡೆಯಿಂದಲೂ ಅಲ್ಲ, ಕೆಸರು ತಳದಲ್ಲಿ ಮಲಗುವ ನಂಗು ಮೀನಿನಿಂದ. ಕಲ್ಲಿಕೋಟೆಯಲ್ಲಿ ಕೆಲಸ ಮಾಡುತ್ತಿದ್ದ ಜಿ. ಶೇಷಪ್ಪ ಮತ್ತು ಬಿ.ಎಸ್. ಭೀಮಾಚಾರ್ 1951ರಿಂದ 1955ರವರೆಗಿನ ಲೇಖನಗಳಲ್ಲಿ ಈ ನಂಗಿನ ಹುರುಪೆಯ ಮೇಲೆ ಸ್ಪಷ್ಟವಾದ ಗೆರೆ ಬೀಳುತ್ತದೆ, ಅದು ಮುಂಗಾರಿನ ಕಾಲಕ್ಕೆ ಸೇರಿದ್ದು ಎಂದು ತೋರಿಸಿದರು. ಜೂನ್‌ನಿಂದ ಅಲೆಗಳೆದ್ದು ತೀರದ ತಳ ಕದಡುತ್ತದೆ, ಅಲ್ಲಿಯ ಹುಳುಹುಪ್ಪಟೆ ಕ್ಷೀಣಿಸುತ್ತದೆ. ಅದನ್ನೇ ತಿಂದು ಬದುಕುವ ನಂಗಿಗೆ ಉಪವಾಸ. ಅಂದರೆ ಈ ಕರಾವಳಿಯಲ್ಲಿ ಯುರೋಪಿನ ಚಳಿಗಾಲ ಮಾಡುವ ಕೆಲಸವನ್ನು ಮಳೆಗಾಲ ಮಾಡುತ್ತದೆ. ಗೆರೆ ಏಕೆ ಎಂದು ವಿವರಿಸಲು ಕಡಲ ತಳವನ್ನೇ ಪರೀಕ್ಷಿಸಿದ ಈ ಸಂಶೋಧನೆ, ನಮ್ಮ ಪಶ್ಚಿಮ ಕರಾವಳಿಯ ಮೀನುವಿಜ್ಞಾನದ ಅತ್ಯಂತ ಅಚ್ಚುಕಟ್ಟಾದ ಕೆಲಸಗಳಲ್ಲಿ ಒಂದು. ಅದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ.

ನೀರಿನ ಮೇಲ್ಪದರದಲ್ಲಿ ಹಿಂಡುಗಟ್ಟಿ ಓಡುವ ಮೀನಿಗೆ ಈ ನಿಯಮ ಹಾಗೇ ಹೊಂದುವುದಿಲ್ಲ. ಮುಂಗಾರಿನಲ್ಲಿ ಆಳದ ತಣ್ಣನೆ ನೀರು ಮೇಲಕ್ಕೆ ಬಂದು ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ನಂಗಿಗೆ ಉಪವಾಸದ ಹೊತ್ತು ಬೈಗೆಗೆ ಹಬ್ಬದ ಮುನ್ನಾದಿನ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಸೂಕ್ಷ್ಮ ಪಾಚಿ ಹೇರಳವಾದರೆ ಬೈಗೆಯೂ ಹೇರಳ ಎಂದು 1955ರಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಬರೆದದ್ದು ಈ ನಂಟನ್ನು ಕುರಿತೇ.

ಬಂಗುಡೆಯ ವಿಷಯದಲ್ಲಂತೂ ಉಂಗುರಗಳು ಸತಾಯಿಸಿದವು. ಶೇಷಪ್ಪ 1958ರಲ್ಲಿ ಬಂಗುಡೆಯ ಹುರುಪೆಯಲ್ಲೂ ಬೆಳವಣಿಗೆ ತಡೆದ ಗುರುತುಗಳಿವೆ ಎಂದು ವರದಿ ಮಾಡಿದರು. ಹನ್ನೊಂದು ವರ್ಷ ಕಳೆದು, 1969ರಲ್ಲಿ ಹುರುಪೆ ಮತ್ತು ಕಿವಿಕಲ್ಲು ಎರಡನ್ನೂ ಸೇರಿಸಿ ಅವರು ಬರೆದ ದೀರ್ಘ ಲೇಖನ ಶೀರ್ಷಿಕೆಯಲ್ಲೇ ಇದನ್ನು ‘ಸಮಸ್ಯೆ’ ಎಂದು ಕರೆಯಿತು. ಗೆರೆ ಇದ್ದರೂ ಅದು ವರ್ಷದ್ದೇ ಎಂದು ಆಣೆಮಾಡಿ ಹೇಳುವಂತಿರಲಿಲ್ಲ.

ಹಾಗಾಗಿ ಬಂಗುಡೆಯ ವಯಸ್ಸು ಅಳತೆಪಟ್ಟಿಗೆ ಬಂದು ನಿಂತಿತು. ವಿಧಾನ ಪೀಟರ್‌ಸನ್ನರದ್ದೇ. ಜನನ ದಾಖಲೆ ಇಲ್ಲದ ಶಾಲೆಯೊಂದರ ಮಕ್ಕಳೆಲ್ಲರ ಎತ್ತರ ಅಳೆದರೆ ಒಂದೊಂದು ತರಗತಿಗೆ ಒಂದೊಂದು ಎತ್ತರದ ಗುಂಪು ಕಾಣುತ್ತದಲ್ಲ, ಹಾಗೆ ಮೀನು ಇಳಿಯುವ ಕಿನಾರೆಯಲ್ಲಿ ನೂರಾರು ಬಂಗುಡೆಗಳನ್ನು ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಕೆಲವು ಉದ್ದಗಳಲ್ಲಿ ಮೀನು ಹೆಚ್ಚು, ನಡುವೆ ಕಡಿಮೆ ಇರುವುದು ಕಾಣುತ್ತದೆ. ಒಂದೊಂದು ದಟ್ಟಣೆಯೂ ಒಂದೇ ಕಾಲಕ್ಕೆ ಹುಟ್ಟಿದ ಪೀಳಿಗೆ. ತಿಂಗಳು ತಿಂಗಳೂ ಅಳೆಯುತ್ತ ಹೋದರೆ ಆ ದಟ್ಟಣೆ ದೊಡ್ಡ ಅಳತೆಯ ಕಡೆಗೆ ಸರಿಯುತ್ತದೆ. ಸರಿದಷ್ಟು ಬೆಳವಣಿಗೆ.

ಎಲ್.ಬಿ. ಪ್ರಧಾನ್ 1956ರಲ್ಲಿ ಕಾರವಾರದ ಬಂಗುಡೆ ಮೀನುಗಾರಿಕೆಯನ್ನೂ ಕೆ.ವಿ. ಶೇಖರನ್ 1958ರಲ್ಲಿ ದಕ್ಷಿಣ ಕನ್ನಡ ತೀರದ ಬಂಗುಡೆಯನ್ನೂ ವಿವರಿಸಿದರು. ಕುಂದಾಪುರದ ಕಡಲಿಗೆ ಅತಿ ಹತ್ತಿರದ ಹಳೆಯ ಅಧ್ಯಯನ ಈ ಎರಡನೆಯದು. ಬಂಗುಡೆ ಮೊದಲ ವರ್ಷದಲ್ಲಿ ಸುಮಾರು 15 ಸೆಂ.ಮೀ. ಒಳಗೇ ಉಳಿಯುತ್ತದೆ, 20 ದಾಟುವುದು ಎರಡನೇ ವರ್ಷದಲ್ಲಿ ಎಂಬುದು ಆ ಕಾಲದ ಅಂದಾಜು. ಆಗ ಬಂಗುಡೆ ಎಂದರೆ ರಂಪಣಿ. ದಡದ ಹತ್ತಿರ ಬಂದ ಹಿಂಡನ್ನು ಸುತ್ತುವರಿದು, ಹತ್ತಾರು ಜನ ಎರಡೂ ಕಡೆ ನಿಂತು ಮರಳಿಗೆ ಎಳೆಯುವ ಬಲೆ ಅದು. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲಷ್ಟೇ ರಂಪಣಿ ಬೀಳುತ್ತಿತ್ತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಂಗುಡೆ ಎಲ್ಲಿತ್ತು, ಎಷ್ಟಿತ್ತು ಎಂಬುದಕ್ಕೆ ಅಳತೆಯೇ ಇರುತ್ತಿರಲಿಲ್ಲ. ನಿಜವಾಗಿ ಮೀನು ವೇಗವಾಗಿ ಬೆಳೆಯುವ ತಿಂಗಳುಗಳೇ ಲೆಕ್ಕದಿಂದ ಬಿಟ್ಟುಹೋಗುತ್ತಿದ್ದವು.

ಇನ್ನೂ ತೊಡಕುಗಳಿದ್ದವು. ಬಂಗುಡೆ ಒಂದೇ ತಿಂಗಳಲ್ಲಿ ಮೊಟ್ಟೆ ಇಟ್ಟು ಮುಗಿಸುವುದಿಲ್ಲ, ತಿಂಗಳುಗಟ್ಟಲೆ ಇಡುತ್ತದೆ. ಒಂದೇ ವರ್ಷದಲ್ಲಿ ಎರಡು ಮೂರು ಪೀಳಿಗೆಗಳು ಒಂದರ ಹಿಂದೊಂದು ಬಂದು ದಟ್ಟಣೆಗಳು ಒಂದಕ್ಕೊಂದು ಬೆರೆತುಹೋಗುತ್ತವೆ. ಹಿಂಡಿನಲ್ಲಿ ಸಮವಯಸ್ಕರೇ ಹೆಚ್ಚಾಗಿರುವುದರಿಂದ ಒಂದು ಬಲೆಯ ಮೀನು ಅಳೆದರೆ ಒಂದು ಹಿಂಡಿನ ಲೆಕ್ಕ ಸಿಕ್ಕೀತೇ ಹೊರತು ಕಡಲಿನದ್ದಲ್ಲ. ಕಂತಬಲೆಯ ಕಣ್ಣಿಗೆ ತಲೆ ಸಿಕ್ಕುವ ಗಾತ್ರದ ಮೀನು ಮಾತ್ರ ಬೀಳುತ್ತದೆ, ಚಿಕ್ಕದು ನುಸುಳುತ್ತದೆ. ಈ ಎಲ್ಲ ಸೋಸುಗಳನ್ನು ದಾಟಿ ಬಂದ ಅಂಕಿಯಿಂದ ವಯಸ್ಸು ಹೇಳಬೇಕಾಗಿತ್ತು. ಹಳೆಯ ಸಂಶೋಧಕರು ಪರಸ್ಪರ ಒಪ್ಪದಿದ್ದರೆ ಅಚ್ಚರಿಯಿಲ್ಲ.

1970ರ ದಶಕದ ಮಧ್ಯದಲ್ಲಿ ಕರ್ನಾಟಕದ ಕಡಲಿಗೆ, ಯಾಂತ್ರಿಕ ದೋಣಿಯಿಂದ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆ ಬಂತು. ರಂಪಣಿಯವರಿಗೂ ಪರ್ಸೀನ್‌ನವರಿಗೂ ನಡೆದ ಜಗಳಗಳು ಕರಾವಳಿಯ ಸಾಮಾಜಿಕ ಇತಿಹಾಸದ ಬೇರೊಂದು ಅಧ್ಯಾಯ. ವಯಸ್ಸಿನ ಲೆಕ್ಕದ ಮಟ್ಟಿಗೆ ಹೇಳುವುದಾದರೆ, ದಡಕ್ಕೆ ಬಂದ ಹಿಂಡನ್ನಷ್ಟೇ ನೋಡುತ್ತಿದ್ದವರಿಗೆ ಹೊರಗಿನ ನೀರಿನ ಹಿಂಡೂ ಕಾಣತೊಡಗಿತು. ಅದೇ ಹೊತ್ತಿಗೆ ಲೆಕ್ಕದ ಉಪಕರಣಗಳೂ ಹರಿತವಾದವು. ಒಂದರೊಳಗೊಂದು ಬೆರೆತ ದಟ್ಟಣೆಗಳನ್ನು ಬಿಡಿಸುವ ಸರಳ ವಿಧಾನವೊಂದನ್ನು ಭಾರತದ ಸಂಖ್ಯಾಶಾಸ್ತ್ರಜ್ಞ ಸಿ.ಜಿ. ಭಟ್ಟಾಚಾರ್ಯ 1967ರಲ್ಲಿ ಪ್ರಕಟಿಸಿದ್ದರು. ಇಂದಿಗೂ ಜಗತ್ತಿನ ಮೀನುಗಾರಿಕೆ ಪ್ರಯೋಗಾಲಯಗಳಲ್ಲಿ ಅದು ಅವರ ಹೆಸರಿನಲ್ಲೇ ಬಳಕೆಯಲ್ಲಿದೆ.

ತಿರುವು ಕೊಟ್ಟವರು ಟಿ.ಎಂ. ಯೋಹನ್ನಾನ್. 1979ರಲ್ಲಿ ಬಂಗುಡೆಯ ಬೆಳವಣಿಗೆಯ ಬಗ್ಗೆ, 1982ರಲ್ಲಿ ಮಂಗಳೂರಿನ 1967–75ರ ಅಂಕಿಗಳನ್ನಿಟ್ಟುಕೊಂಡು ಅದರ ಸಂತತಿಯ ಏರಿಳಿತದ ಬಗ್ಗೆ ಅವರು ಬರೆದರು. ಬಂಗುಡೆ 20 ಸೆಂ.ಮೀ. ದಾಟಲು ಎರಡು ವರ್ಷ ಕಾಯುವುದಿಲ್ಲ, ಮೊದಲ ವರ್ಷದಲ್ಲೇ ದಾಟುತ್ತದೆ ಎಂಬುದು ಅವರ ಫಲಿತಾಂಶ. ಅಂದರೆ ಬ್ರಹ್ಮಾವರದ ಸಂತೆಯಲ್ಲಿ ಮಾರಾಟಕ್ಕೆ ಬರುವ ಸಾಧಾರಣ ಬಂಗುಡೆ, ಅಜ್ಜನ ಕಾಲದ ಲೆಕ್ಕದಲ್ಲಿ ಎರಡು ವರ್ಷದ್ದು, ಹೊಸ ಲೆಕ್ಕದಲ್ಲಿ ಒಂದು ವರ್ಷವೂ ತುಂಬದ್ದು. ಮುಂದಿನ ಬಹುತೇಕ ಅಧ್ಯಯನಗಳು ಈ ವೇಗದ ಪಕ್ಷಕ್ಕೇ ವಾಲಿದವು.

ವೇಗ ಬದಲಾದರೆ ಏನಾಯಿತು? ಬಹಳ ಆಯಿತು. ಆಸ್ಟ್ರಿಯಾ ಮೂಲದ ಬೆರ್ಟಲಾನ್ಫಿ 1938ರಲ್ಲಿ ಕೊಟ್ಟ ಬೆಳವಣಿಗೆಯ ಸೂತ್ರವನ್ನು ಬೆವರ್ಟನ್ ಮತ್ತು ಹೋಲ್ಟ್ 1957ರಲ್ಲಿ ಮೀನಿನ ಸಾವಿನ ಲೆಕ್ಕಕ್ಕೆ ಜೋಡಿಸಿದರು. ಬೇಗ ಬೆಳೆಯುವ ಮೀನು ಬೇಗ ಸಾಯುತ್ತದೆ. ಬಲೆಗೆ ಬೀಳದಿದ್ದರೂ ಅದರ ದೊಡ್ಡ ಪಾಲು ದೊಡ್ಡ ಮೀನುಗಳ ಹೊಟ್ಟೆ ಸೇರುತ್ತದೆ. ಅಂಥ ಮೀನನ್ನು ಹೆಚ್ಚು ಹಿಡಿದರೂ ತಾಳಿಕೊಳ್ಳುತ್ತದೆ, ಆದರೆ ಒಂದೇ ವರ್ಷ ಮರಿಗಳು ಕೈಕೊಟ್ಟರೆ ಮರುವರ್ಷವೇ ಬುಟ್ಟಿ ಖಾಲಿ. ನಿಧಾನ ಬೆಳೆಯುವ ಮೀನಿನ ಕಥೆ ತದ್ವಿರುದ್ಧ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ ಆರೆಂಜ್ ರಫಿ ಎಂಬ ಆಳನೀರಿನ ಮೀನನ್ನು ಸಾಮಾನ್ಯ ಆಯುಷ್ಯದ್ದೆಂದು ತಿಳಿದು ಹಿಡಿದರು. ಅದು ನೂರು ವರ್ಷಕ್ಕೂ ಹೆಚ್ಚು ಬದುಕುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಹಿಂಡುಗಳು ಬರಿದಾಗಿದ್ದವು.

1981ರಲ್ಲಿ ಡೇನಿಯಲ್ ಪಾವ್ಲಿ ಮತ್ತು ಡೇವಿಡ್ ಉದ್ದದ ಅಂಕಿಗಳಿಂದ ಬೆಳವಣಿಗೆಯ ರೇಖೆಯನ್ನು ಕಂಪ್ಯೂಟರೇ ಹುಡುಕುವ ಎಲಿಫಾನ್ ಎಂಬ ಕ್ರಮವನ್ನು ಪ್ರಕಟಿಸಿದರು. 1990ರ ದಶಕದಲ್ಲಿ ಅದು ಫೈಸ್ಯಾಟ್ ಎಂಬ ತಂತ್ರಾಂಶವಾಗಿ ಭಾರತದ ಮೀನುಗಾರಿಕೆ ವಿದ್ಯಾರ್ಥಿಗಳೆಲ್ಲರ ಕೈಗೆ ಬಂತು. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಿಂದ ಕಾರವಾರದ ಸಾಗರ ಜೀವವಿಜ್ಞಾನ ವಿಭಾಗದವರೆಗೆ ಕಾಣೆ ಮೊದಲಾದ ಅನೇಕ ಮೀನುಗಳ ಮೇಲೆ ಪ್ರಬಂಧಗಳು ಹೊರಬಂದವು. ಮಂಗಳೂರು–ಮಲ್ಪೆ ತೀರದ ಬೈಗೆಯ ಬಗ್ಗೆ ಪ್ರತಿಭಾ ರೋಹಿತ್ ಮತ್ತು ಉಮಾ ಎಸ್. ಭಟ್ 2003ರಲ್ಲಿ, ಬಂಗುಡೆಯ ಬಗ್ಗೆ ಪ್ರತಿಭಾ ರೋಹಿತ್ ಮತ್ತು ಗುಪ್ತ 2004ರಲ್ಲಿ ಬರೆದ ಲೇಖನಗಳು ಉಡುಪಿ ಜಿಲ್ಲೆಯ ಕಡಲಿಗೆ ನೇರವಾಗಿ ಸಂಬಂಧಿಸಿದವು. ತಂತ್ರಾಂಶ ಸುಲಭವಾದದ್ದರಿಂದ ಒಂದು ಕೇಡೂ ಆಯಿತು. ಅಂಕಿ ಹೇಗಿದ್ದರೂ ಯಂತ್ರ ಒಂದು ಉತ್ತರ ಕೊಟ್ಟೇ ಕೊಡುತ್ತದೆ. ಬಲೆಯ ಕಣ್ಣು, ಬಿಟ್ಟುಹೋದ ತಿಂಗಳು, ಬೆರೆತ ಪೀಳಿಗೆಗಳ ಹಳೆಯ ತೊಡಕುಗಳು ಅದರಿಂದ ಮಾಯವಾಗಲಿಲ್ಲ.

ಉಂಗುರದ ದಾರಿಯೂ ಈ ನಡುವೆ ಹೊಸ ಜೀವ ಪಡೆದಿತ್ತು. 1971ರಲ್ಲಿ ಜಾರ್ಜಿಯೊ ಪನೆಲ್ಲಾ ‘ಸೈನ್ಸ್’ ಪತ್ರಿಕೆಯಲ್ಲಿ ಕಿವಿಕಲ್ಲಿನಲ್ಲಿ ವರ್ಷದ ಗೆರೆಗಳಲ್ಲದೆ ದಿನದ ಗೆರೆಗಳೂ ಇವೆ ಎಂದು ಪ್ರಕಟಿಸಿದರು. ಮೀನಿನ ತಲೆಯೊಳಗೆ, ಸಮತೋಲ ಮತ್ತು ಶ್ರವಣಕ್ಕೆ ನೆರವಾಗುವ ಮೂರು ಜೊತೆ ಕಲ್ಲುಗಳಿವೆ. ಸುಣ್ಣದ ಈ ಕಲ್ಲುಗಳ ಮೇಲೆ ದಿನವೂ ಒಂದು ತೆಳುಪದರ ಕೂರುತ್ತದೆ. ಚಳಿಗಾಲವಿಲ್ಲದ ಕಡಲಿಗೆ, ವರ್ಷ ಎರಡು ವರ್ಷವಷ್ಟೇ ಬದುಕುವ ಮೀನಿಗೆ, ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಿರಲಿಲ್ಲ. 1986ರಲ್ಲಿ ದಯಾರತ್ನೆ ಮತ್ತು ಯೋಸೆಟರ್ ಶ್ರೀಲಂಕಾದ ನಾಲ್ಕು ಜಾತಿಯ ಬೈಗೆಗಳ ವಯಸ್ಸು ಮತ್ತು ಬೆಳವಣಿಗೆಯನ್ನು ಅಳೆದು ತೋರಿಸಿದರು. ಆದರೆ ದಿನದ ಗೆರೆ ಓದುವುದು ಸಹನೆಯ ಕೆಲಸ. ಚಿಕ್ಕ ಕಲ್ಲನ್ನು ಅಂಟಿನಲ್ಲಿ ಕೂರಿಸಿ, ನಡುಬಿಂದು ಕಾಣುವವರೆಗೆ ತೇಯ್ದು, ಸೂಕ್ಷ್ಮದರ್ಶಕದಡಿ ನೂರಾರು ಗೆರೆ ಎಣಿಸಬೇಕು. ಒಂದು ಮೀನಿಗೆ ತಗಲುವ ಹೊತ್ತಿನಲ್ಲಿ ಗಂಗೊಳ್ಳಿಯ ಕಿನಾರೆಯಲ್ಲಿ ನೂರು ಮೀನಿನ ಉದ್ದ ಅಳೆದು ಮುಗಿಯುತ್ತದೆ.

ಮೂಳೆಯೇ ಇಲ್ಲದ ಜೀವಿಗಳದ್ದು ಇನ್ನೊಂದು ಪಾಡು. ಬೊಂಡಾಸದ ತಲೆಯಲ್ಲೂ ಸಮತೋಲದ ಚಿಕ್ಕ ಕಲ್ಲುಗಳಿವೆ, ಅವುಗಳಲ್ಲೂ ದಿನದ ಗೆರೆಗಳಿವೆ. ಕುಂದಾಪುರದವರ ಬಾಯಲ್ಲಿ ಚಟ್ಲಿಯಾದ ಸಿಗಡಿ ಮಾತ್ರ ಬೆಳೆಯುವಾಗಲೆಲ್ಲ ಚಿಪ್ಪನ್ನು ಕಳಚಿ ಬಿಸಾಡುತ್ತದೆ. ಅದರ ವಯಸ್ಸಿಗೆ ಸಾಮಾನ್ಯವಾಗಿ ಉದ್ದದ ಲೆಕ್ಕವೇ ಗತಿ.

1940ರ ದಶಕದ ಆ ನಿರ್ಬಂಧದ ನಂತರ ವಯಸ್ಸಿನ ಈ ಲೆಕ್ಕಗಳು ಪ್ರಯೋಗಾಲಯ ಬಿಟ್ಟು ಮತ್ತೆ ಕಾನೂನಿಗೆ ಬಂದದ್ದು ಇತ್ತೀಚೆಗೆ. ಕೇರಳ 2015ರಲ್ಲಿ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು 14 ಜಾತಿಗಳಿಗೆ ಗೊತ್ತುಮಾಡಿತು: ಬೈಗೆಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಇದಕ್ಕೆ ಹಿನ್ನೆಲೆಯಾಗಿ ಬೈಗೆಯ ಕುಸಿತವಿತ್ತು. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕ ಬೈಗೆ ಆಮೇಲೆ ಇಳಿಯುತ್ತಾ ಹೋಗಿ 2021ರಲ್ಲಿ 3,297 ಟನ್ನಿಗೆ ಬಂತು. ಕಡಲಿನ ಬಿಸಿ, ಎಲ್ ನಿನೊ, ಮರಿಮೀನಿನ ಬೇಟೆ ಎಲ್ಲದರ ಮೇಲೂ ಆರೋಪ ಬಿತ್ತು. ಮರಿ ಬೈಗೆಯನ್ನು ಟನ್ನುಗಟ್ಟಲೆ ಕೊಳ್ಳುವ ಫಿಶ್‌ಮೀಲ್ ಕಾರ್ಖಾನೆಗಳು ಕರ್ನಾಟಕದ ಕರಾವಳಿಯಲ್ಲೂ ಇವೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆ 61 ದಿನ ಪರ್ಸೀನ್, ಟ್ರಾಲ್ ಬೋಟುಗಳೆಲ್ಲ ದಡದಲ್ಲಿ. ಕಡಲಿಗಿಳಿಯುವವರು ಉಪ್ಪುಂದ, ಮರವಂತೆ, ಗಂಗೊಳ್ಳಿಯ ನಾಡದೋಣಿಯವರು ಮಾತ್ರ. ರಂಪಣಿಯ ಕಾಲದ ಸಂಶೋಧಕರಿಗೆ ಕಾಣದೆ ಉಳಿದಿದ್ದ ಮಳೆಗಾಲದ ಮೀನು ಈಗ ಸಿಗುವುದು ಅವರ ಬಲೆಯಲ್ಲಿ. ಬೈಗೆ, ಬಂಗುಡೆಗಳ ಹೊಸ ಪೀಳಿಗೆ ಎಷ್ಟು ಉದ್ದವಿದೆ ಎಂದು ಮೊದಲು ತಿಳಿಯಬಹುದಾದದ್ದೂ ಅಲ್ಲೇ. ಇವುಗಳ ವಯಸ್ಸಿಗೆ ಕಿನಾರೆಯಲ್ಲಿ ಅಳೆದ ಉದ್ದವೇ ಇಂದಿಗೂ ಮುಖ್ಯ ಆಧಾರ. ಆ ಆಧಾರ ಗಟ್ಟಿಯಾಗಬೇಕಾದರೆ ಮಳೆಗಾಲದ ನಾಡದೋಣಿಯ ಮೀನನ್ನು ತಪ್ಪದೆ ಅಳೆಯಬೇಕು, ಅದೇ ಮೀನಿನ ಕಿವಿಕಲ್ಲಿನ ದಿನದ ಗೆರೆಗಳೊಂದಿಗೆ ಆ ಅಳತೆಯನ್ನು ವರ್ಷ ವರ್ಷವೂ ಒರೆಹಚ್ಚಿ ನೋಡಬೇಕು.